ಪ್ರಾರ್ಥನೆ ಮಾಡಲೂ ಆಗದಷ್ಟು ದಣಿವು. ಇದು ನಂಬಿಕೆ ಕಡಿಮೆಯಾದ ಗುರುತೇ?

ಅಲ್ಲ. ಬೈಬಲ್‌ನಲ್ಲಿ ಒಂದನೆಯ ಅರಸುಗಳು ಪುಸ್ತಕದ 19ನೇ ಅಧ್ಯಾಯ ಓದಿ ನೋಡಿ.

ಹಿಂದಿನ ಅಧ್ಯಾಯದಲ್ಲಷ್ಟೇ ದೇವರ ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಬಾಳ್ ಎಂಬ ದೇವತೆಯ 450 ಪ್ರವಾದಿಗಳನ್ನು ಒಬ್ಬನೇ ಎದುರಿಸಿದ್ದ. ಇಲ್ಲಿ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗುತ್ತಾನೆ. ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಬೇಡುತ್ತಾನೆ.

ದೇವರು ಬೈಯಲಿಲ್ಲ. ಎಲೀಯ ಮಲಗಿದ. ದೇವದೂತ ಬಂದು ತಟ್ಟಿ ಎಬ್ಬಿಸಿ ಹೇಳಿದ್ದು ಇಷ್ಟೇ: ಎದ್ದು ತಿನ್ನು. ತಲೆಯ ಹತ್ತಿರ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಪಾತ್ರೆಯಲ್ಲಿ ನೀರು. ತಿಂದ, ಕುಡಿದ, ಮತ್ತೆ ಮಲಗಿಬಿಟ್ಟ! ಆಗಲೂ ಗದರಿಕೆ ಇಲ್ಲ. ಎರಡನೇ ಸಲವೂ ಊಟವೇ, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ ಒಂದು ಮಾತಿನ ಜೊತೆ. ಆ ಬಲದಿಂದ 40 ದಿನ ಹಗಲೂ ರಾತ್ರಿ ನಡೆದು ಹೋರೇಬ್ ಬೆಟ್ಟ ಸೇರಿದ. ಇಲ್ಲೇನು ಮಾಡುತ್ತಿದ್ದೀ ಅನ್ನುವ ದೇವರ ಪ್ರಶ್ನೆ, ಆಮೇಲೆ ಆತನ ಮೆಲುದನಿ, ಎಲ್ಲಾ ಅಲ್ಲಿಗೆ ಹೋದ ಮೇಲೆ.

ಚರ್ಚಿನ ಪ್ರಸಂಗಗಳಲ್ಲಿ ಮೆಲುದನಿ ಜಾಸ್ತಿ ಕೇಳಿಸುತ್ತೆ, ರೊಟ್ಟಿ ಮರೆತುಹೋಗುತ್ತೆ, ಅಲ್ವಾ? ದಣಿದವರು ಬಂದರೆ ನಾವೂ ಮೊದಲು ಬೈಬಲ್ ವಚನ ಕೊಡುತ್ತೇವೆ, ಊಟ ಆಯ್ತಾ ಅಂತ ಕೇಳೋದಿಲ್ಲ.

ಇವತ್ತು ರಾತ್ರಿ ಬಿಸಿಯಾಗಿ ಏನಾದ್ರೂ ತಿಂದು ಸುಮ್ನೆ ಮಲಗಿ. ವಾರಗಟ್ಟಲೆ ಹೀಗೇ ಇದ್ದರೆ ಡಾಕ್ಟರ ಹತ್ತಿರವೂ ಹೋಗಿ.