ಟ್ಯೂನಾ: ಯಾವುದನ್ನು ಕೊಳ್ಳಬೇಕು, ಹೇಗೆ ಗುರುತಿಸಬೇಕು?

ಪ್ರಶ್ನೆ: ಕೆರೆ, ನಾಲೆಗಳ ಕಾಟ್ಲಾ, ರೋಹು, ಜಿಲೇಬಿ ಮೀನು ತಿಂದು ಬೆಳೆದವರು ನಾವು. ಈಚೆಗೆ ಸಮುದ್ರದ ಮೀನು ತರಿಸುವ ಅಂಗಡಿಯಲ್ಲಿ ಟ್ಯೂನಾ ಎಂದು ಕೊಂಡದ್ದು ಒಮ್ಮೆ ತಿಳಿಗೆಂಪಾಗಿ ಚೆನ್ನಾಗಿತ್ತು, ಇನ್ನೊಮ್ಮೆ ಕಪ್ಪುಗೆಂಪಾಗಿದ್ದು ಸಾರೆಲ್ಲ ವಾಸನೆ ಹೊಡೆಯಿತು. ಡಬ್ಬಿಯ ಟ್ಯೂನಾದ ರುಚಿ ಮತ್ತೂ ಬೇರೆ. ಇವೆಲ್ಲ ಒಂದೇ ಮೀನೇ? ಏಳು ತಿಂಗಳ ಬಸುರಿ ಮಗಳು ತವರಿಗೆ ಬಂದಿದ್ದಾಳೆ, ಅವಳಿಗೆ ಕೊಡಬಹುದೇ?
– ಓದುಗರು, ಮಂಡ್ಯ

ಉತ್ತರ: ಒಂದೇ ಅಲ್ಲ. ಬಂಗುಡೆ, ಅಂಜಲ್‌ಗಳ ಕುಟುಂಬಕ್ಕೇ ಸೇರಿದ ಹಲವು ಮೀನುಗಳನ್ನು ವ್ಯಾಪಾರದಲ್ಲಿ ಒಟ್ಟಾಗಿ ಟ್ಯೂನಾ ಎನ್ನುತ್ತಾರೆ. ನಮ್ಮ ಕರಾವಳಿಯವರ ಬಾಯಲ್ಲಿ ಇದು ಕೇದರ್. ಅಂಗಡಿಯಲ್ಲಿ ಇಡೀ ಮೀನು ಇದ್ದರೆ ತಿರುಗಿಸಿ ತೋರಿಸಲು ಹೇಳಿ. ಬೆನ್ನಿನ ಮೇಲೆ ಅಲೆಯಂಥ ಗೆರೆಗಳಿದ್ದು, ಎದೆಯ ಈಜುರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆಗಳಿದ್ದರೆ ಅದು ದಡಕ್ಕೆ ಹತ್ತಿರದಲ್ಲಿ ಸಿಗುವ ಚಿಕ್ಕ ಜಾತಿಯ ಟ್ಯೂನಾ. ಬೆನ್ನು ಬೋಳಾಗಿದ್ದು, ಹೊಟ್ಟೆಯ ಉದ್ದಕ್ಕೆ ನಾಲ್ಕರಿಂದ ಆರು ಕಪ್ಪು ಪಟ್ಟೆಗಳಿದ್ದರೆ ಅದು ಸ್ಕಿಪ್‌ಜಾಕ್. ಲಕ್ಷದ್ವೀಪದವರು ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿದು, ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೆ ಒಣಗಿಸಿ ‘ಮಾಸ್’ ಮಾಡುವುದು ಇದನ್ನೇ. ಬಾಲದ ಕಡೆಯ ಈಜುರೆಕ್ಕೆಗಳು ಹಳದಿಯಾಗಿದ್ದರೆ ಅದು ಯೆಲ್ಲೋಫಿನ್, ಎರಡು ಮೀಟರಿನವರೆಗೂ ಬೆಳೆಯಬಲ್ಲ ದೊಡ್ಡ ಮೀನು. ನಿಮಗೆ ಮೊದಲ ಸಲ ಸಿಕ್ಕ ತಿಳಿಗೆಂಪಿನ ತುಂಡು ಬಹುಶಃ ಇದರದ್ದು.

ವಾಸನೆಗೆ ಕಾರಣ ತುಂಡಿನಲ್ಲೇ ಕಾಣುತ್ತದೆ. ಅಡ್ಡಕ್ಕೆ ಕೊಯ್ದ ಟ್ಯೂನಾ ತುಂಡನ್ನು ಬೆಳಕಿಗೆ ಹಿಡಿದರೆ ನಡುಮೂಳೆಯ ಎಡಬಲಗಳಲ್ಲಿ ಈಲಿಯ ಬಣ್ಣದ, ಹೆಪ್ಪುಗಟ್ಟಿದ ರಕ್ತದಂತೆ ತೋರುವ ಪಟ್ಟಿಯೊಂದು ಕಾಣುತ್ತದೆ. ಹುಟ್ಟಿದಂದಿನಿಂದ ನಿಲ್ಲದೆ ಈಜುವ ಈ ಮೀನಿನ ಸ್ನಾಯುಗಳಿಗೆ ಸದಾ ಆಮ್ಲಜನಕ ಬೇಕು. ಅದನ್ನು ಹಿಡಿದಿಡುವ ಕೆಂಪು ಪದಾರ್ಥ ಆ ಪಟ್ಟಿಯಲ್ಲಿ ತುಂಬಿಕೊಂಡಿರುತ್ತದೆ. ಚಿಕ್ಕ ಜಾತಿಗಳಲ್ಲಿ ಈ ಭಾಗ ಹೆಚ್ಚು. ಅದೇನೂ ಕೆಟ್ಟದ್ದಲ್ಲ, ಆದರೆ ರುಚಿ ಬಲು ಗಾಢ. ಚೂರಿಯ ತುದಿಯಿಂದ ಅದನ್ನು ಬಿಡಿಸಿ ತೆಗೆದು, ಉಳಿದ ಮಾಂಸವನ್ನು ಹುಣಸೆಹುಳಿ ತುಸು ಮುಂದಾಗಿರುವ ಖಾರದ ಸಾರಿಗೆ ಹಾಕಿದರೆ ಮುದ್ದೆಗೆ ಚೆನ್ನಾಗಿಯೇ ಒಗ್ಗುತ್ತದೆ. ಟ್ಯೂನಾದಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಹೆಚ್ಚು ಹೊತ್ತು ಕುದಿಸಿದರೆ ನಾರುನಾರಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಸ್ಕಿಪ್‌ಜಾಕ್. ಬೆಳ್ಳಗಿನ ಮಾಂಸದ್ದೆಂದು ಹೆಚ್ಚಿನ ಬೆಲೆಗೆ ಮಾರುವುದು ಆಲ್ಬಕೋರ್ ಎಂಬ ಬೇರೆ ಜಾತಿ. ಜಾತಿಯ ಹೆಸರನ್ನು ಸ್ಪಷ್ಟವಾಗಿ ಅಚ್ಚುಹಾಕಿರುವ ಡಬ್ಬಿಯನ್ನೇ ಆರಿಸಿಕೊಳ್ಳಿ.

ಮಗಳ ವಿಷಯದಲ್ಲಿ ಜಾತಿಯ ಹೆಸರು ತಿಳಿದಿರುವುದು ನಿಜಕ್ಕೂ ಮುಖ್ಯ. ದೊಡ್ಡದಾಗಿ ಬೆಳೆದು ಬಹುಕಾಲ ಬದುಕುವ ಮೀನು ತಾನು ತಿಂದ ಚಿಕ್ಕ ಮೀನುಗಳಲ್ಲಿದ್ದ ಪಾದರಸವನ್ನೆಲ್ಲ ಮೈಯಲ್ಲಿ ಕೂಡಿಸಿಕೊಳ್ಳುತ್ತಾ ಹೋಗುತ್ತದೆ, ಅದು ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಹಾನಿಕರ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆಯಂತೆ ಗರ್ಭಿಣಿಯರು ಡಬ್ಬಿಯ ಸ್ಕಿಪ್‌ಜಾಕನ್ನು ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಸುಮಾರು 110 ಗ್ರಾಂನಂತೆ ತಿನ್ನಬಹುದು. ಯೆಲ್ಲೋಫಿನ್, ಆಲ್ಬಕೋರ್ ವಾರಕ್ಕೆ ಒಂದೇ ಸಲ, ಆ ವಾರ ಬೇರೆ ಮೀನು ಬೇಡ. ಬಿಗ್‌ಐ ಎಂಬ ದಪ್ಪ ಕಣ್ಣಿನ ಜಾತಿಯಂತೂ ಬೇಡವೇ ಬೇಡ. ಯಾವ ಜಾತಿಯೆಂದು ಅಂಗಡಿಯವರು ಹೇಳಲಾರದ ತುಂಡನ್ನು ಮಗಳ ತಟ್ಟೆಗೆ ಹಾಕಬೇಡಿ. ಬದಲಿಗೆ ಭೂತಾಯಿ ತನ್ನಿ, ಅದರಲ್ಲಿ ಪಾದರಸ ತೀರಾ ಕಡಿಮೆ, ಒಳ್ಳೆಯ ಕೊಬ್ಬು ಹೆಚ್ಚು.

ಪ್ರಶ್ನೆ: ಕೇದರ್ ಮೀನಿನ ಫ್ರೈ ತಿಂದ ಅರ್ಧ ಗಂಟೆಯಲ್ಲಿ ನನ್ನ ಮುಖ, ಕತ್ತು ಕೆಂಪಾಗಿ ತಲೆ ಸಿಡಿಯತೊಡಗಿತು. ತಿನ್ನುವಾಗ ನಾಲಗೆಗೆ ಮೆಣಸು ಕಡಿದಂತೆ ಚುರುಗುಟ್ಟಿತ್ತು. ಬೇರೆ ಮೀನು ತಿಂದಾಗ ಹೀಗಾಗಿಲ್ಲ. ಇದು ಅಲರ್ಜಿಯೇ?
– ಓದುಗರು, ಮೈಸೂರು

ಉತ್ತರ: ನೀವು ಬರೆದಿರುವ ಲಕ್ಷಣಗಳು, ಅದರಲ್ಲೂ ನಾಲಗೆಯ ಆ ಚುರುಗು, ಅಲರ್ಜಿಗಿಂತ ಹಿಸ್ಟಮಿನ್ ವಿಷಕ್ಕೆ ಹೆಚ್ಚು ಹೊಂದುತ್ತವೆ. ಟ್ಯೂನಾ, ಬಂಗುಡೆಗಳ ಮಾಂಸದಲ್ಲಿ ಸಹಜವಾಗಿಯೇ ಹೆಚ್ಚಾಗಿರುವ ಹಿಸ್ಟಿಡಿನ್ ಎಂಬ ಅಂಶವನ್ನು, ಮೀನು ಐಸಿನಿಂದ ಹೊರಗುಳಿದ ಹೊತ್ತಿನಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಒಮ್ಮೆ ಉಂಟಾದ ಹಿಸ್ಟಮಿನ್ ಕುದಿಸಿದರೂ, ಕರಿದರೂ, ಮತ್ತೆ ಫ್ರಿಜ್ಜಿನಲ್ಲಿಟ್ಟರೂ ನಾಶವಾಗುವುದಿಲ್ಲ. ವಾಸನೆ, ಬಣ್ಣಗಳಿಂದಲೂ ಇದು ಗೊತ್ತಾಗದು. ಮಂಗಳೂರಿನಿಂದ ಸುಮಾರು 250 ಕಿಲೋಮೀಟರ್ ಘಟ್ಟ ಹತ್ತಿ ಮೈಸೂರಿಗೆ ಬರುವ ಮೀನಿನ ವಿಷಯದಲ್ಲಿ ನನಗೆ ಜಾತಿಗಿಂತಲೂ ದೊಡ್ಡ ಚಿಂತೆ ಇದೇ. ಇನ್ನೊಮ್ಮೆ ತಿನ್ನುವ ಮೊದಲು ವೈದ್ಯರಿಗೆ ತೋರಿಸಿ, ಅಲರ್ಜಿಯಲ್ಲವೆಂದು ಖಚಿತಪಡಿಸಿಕೊಳ್ಳಿ. ಉಸಿರಾಟಕ್ಕೆ ತೊಂದರೆಯಾದರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕೊಳ್ಳುವಾಗ, ಐಸಿನ ಮೇಲೆ ಬರಿದೆ ಒರಗಿಸಿಟ್ಟ ಮೀನನ್ನು ಬಿಟ್ಟು, ಐಸಿನೊಳಗೆ ಹುದುಗಿಸಿಟ್ಟದ್ದನ್ನು ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ, ಆ ದಿನಗಳಲ್ಲಿ ಮೀನು ಎಲ್ಲಿಂದ, ಎಂದು ಬಂತೆಂದು ವಿಚಾರಿಸುವುದರಲ್ಲಿ ಸಂಕೋಚ ಬೇಡ. ಐಸು ತುಂಬಿದ ಡಬ್ಬವೊಂದನ್ನು ಮನೆಯಿಂದಲೇ ಒಯ್ದು, ಮೀನಿನಂಗಡಿಯ ಕೆಲಸವನ್ನು ಕೊನೆಗಿಟ್ಟುಕೊಂಡು, ಅಲ್ಲಿಂದ ನೇರವಾಗಿ ಮನೆಗೆ ಬನ್ನಿ. ನಾಲಗೆ ಮತ್ತೆ ಚುರುಗುಟ್ಟಿದರೆ ಆ ತುತ್ತನ್ನು ಉಗಿದು, ಉಳಿದದ್ದನ್ನು ಮನೆಯವರಾರೂ ತಿನ್ನದಂತೆ ಎಸೆದುಬಿಡಿ.