ಕಲಿಕೆ ಕೆಲಸ – ಓದುಗರ ಪ್ರಶ್ನೋತ್ತರ: ಡಿಸೈನೂ ಬೇಕು ಕೋಡಿಂಗೂ ಬೇಕು ಅನ್ನೋರಿಗೆ

ಪ್ರಶ್ನೆ: ಮೇಡಂ, ನಾನು ಸಂಡೂರು ಹತ್ರದ ತಾಂಡಾದವಳು, ಸೆಕೆಂಡ್ ಪಿಯು, ಪಿಸಿಎಂಸಿ. ಅವ್ವ ಕಸೂತಿ ಕೆಲಸ ಮಾಡ್ತಾಳೆ, ನಂಗೂ ಚಿಕ್ಕವಳಿದ್ದಾಗಿಂದ ಡಿಸೈನ್ ಬಿಡಿಸೋ ಹುಚ್ಚು, ಕಂಪ್ಯೂಟರ್ ಸೈನ್ಸಲ್ಲೂ ಮಾರ್ಕ್ಸ್ ಚೆನ್ನಾಗೇ ಬರ್ತವೆ. ಕ್ರಿಯೇಟಿವ್ ಕಂಪ್ಯೂಟಿಂಗ್ ಅಂತ ಲಂಡನ್ ಕೋರ್ಸ್ ಒಂದನ್ನ ಯೂಟ್ಯೂಬಲ್ಲಿ ನೋಡ್ದೆ, ಅದೇ ಓದ್ಬೇಕು ಅನ್ಸಿದೆ. ಅಣ್ಣ ಮಾತ್ರ ಅದು ಇತ್ಲಾಗೆ ಇಂಜಿನಿಯರಿಂಗೂ ಅಲ್ಲ ಅತ್ಲಾಗೆ ಆರ್ಟೂ ಅಲ್ಲ, ಸುಮ್ನೆ ಸಿಎಸ್ ತಗೋ ಅಂತಾನೆ. ನಮ್ ಕಡೆ ಇದನ್ನ ಎಲ್ಲಿ ಓದಬಹುದು? ಕೆಲಸ ಸಿಗುತ್ತಾ?
– ಹೆಸರು ಬೇಡ, ಬಳ್ಳಾರಿ ಜಿಲ್ಲೆ

ಉತ್ತರ: ತಂಗಿ, ಎರಡೂ ಅಲ್ಲ ಅಂತ ಅಣ್ಣ ಹೇಳ್ತಾನೆ, ಆದ್ರೆ ಇದರಲ್ಲಿ ಎರಡನ್ನೂ ಪೂರ್ತಿ ಕಲೀಬೇಕಾಗುತ್ತೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ನಲ್ಲಿ, ಯೂನಿವರ್ಸಿಟಿ ಆಫ್ ದಿ ಆರ್ಟ್ಸ್‌ನಲ್ಲಿ ಇದೇ ಹೆಸರಲ್ಲಿ ಡಿಗ್ರಿ ಓದಿಸಿದಾರೆ, ಆ ಡಿಗ್ರಿ ಬಿಎಸ್ಸಿ ಅನ್ನೋದನ್ನ ಗಮನಿಸು. ಪ್ರೋಗ್ರಾಮಿಂಗ್ ಇದ್ದೇ ಇರುತ್ತೆ, ಮ್ಯಾಥ್ಸ್ ತಪ್ಪಿದ್ದಲ್ಲ, ಅದರ ಮೇಲೆ ಗ್ರಾಫಿಕ್ಸ್, ಸೌಂಡ್, ಸೆನ್ಸರ್, ಮೆಷೀನ್ ಲರ್ನಿಂಗ್. ಕಲಿತಿದ್ದನ್ನೆಲ್ಲ ಪ್ರಾಜೆಕ್ಟ್ ಮಾಡಿ ತೋರಿಸಬೇಕು, ಗೈಡ್ ಬಾಯಿಪಾಠ ಮಾಡಿ ಪಾಸಾಗೋ ಓದು ಇದಲ್ಲ.

ನಿಂಗೆ ಹತ್ತಿರದ ಉದಾಹರಣೆನೇ ಕೊಡ್ತೀನಿ. ಪಿಫೈವ್ ಜೆಎಸ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ೨೦೦೧ರಲ್ಲಿ ಎಂಐಟಿಯ ಕೇಸಿ ರೀಸ್ ಮತ್ತು ಬೆನ್ ಫ್ರೈ ಶುರು ಮಾಡಿದ ಪ್ರೊಸೆಸಿಂಗ್ ಅನ್ನೋ ಸಾಫ್ಟ್‌ವೇರ್‌ನ ದಾರಿಯಲ್ಲೇ ಲಾರೆನ್ ಮೆಕಾರ್ಥಿ ಅನ್ನೋ ಕಲಾವಿದೆ ೨೦೧೩ರಲ್ಲಿ ಶುರು ಮಾಡಿದ್ದು, ಬ್ರೌಸರಲ್ಲೇ ಓಡುತ್ತೆ. ಅದರಲ್ಲಿ ಅವ್ವನ ಬಟ್ಟೆ ಅಂಚಿನ ಒಂದು ತ್ರಿಕೋನ ಬರಿ. ಆ ಕೋಡ್ ಸಾಲನ್ನ ಫಾರ್ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋದು) ಒಳಗೆ ಹಾಕಿ ಎಕ್ಸ್ ಬೆಲೆನ, ಅಂದ್ರೆ ಅಡ್ಡ ದೂರನ, ೪೦ ೪೦ ಆಗಿ ಏರಿಸ್ತಾ ಹೋದ್ರೆ ಪೂರ್ತಿ ಅಂಚು ಬರುತ್ತೆ, ಅದನ್ನ ಇನ್ನೊಂದು ಲೂಪ್ ಒಳಗಿಟ್ಟು ವೈ, ಅಂದ್ರೆ ಮೇಲಿಂದ ಕೆಳಗಿನ ದೂರ, ಏರಿಸಿದ್ರೆ ಬಟ್ಟೆ ತುಂಬಾ ತ್ರಿಕೋನ. ಇಷ್ಟು ಒಂದು ಸಂಜೆ ಕೆಲಸ. ಆದ್ರೆ ನೋಡಿದ ತಕ್ಷಣ ನಿಂಗೇ ಗೊತ್ತಾಗುತ್ತೆ, ಎಲ್ಲಾ ಒಂದೇ ಅಚ್ಚು, ಜೀವ ಇಲ್ಲ, ಅವ್ವನ ಹೊಲಿಗೆ ಹಿಂಗಿರಲ್ಲ ಅಂತ. ಸರಿ ಅಂತ ರ‍್ಯಾಂಡಮ್ ಅನ್ನೋ, ಅಳತೆನ ಲೆಕ್ಕವಿಲ್ಲದೆ ಬದಲಿಸೋ ಫಂಕ್ಷನ್ ಹಾಕಿದ್ರೆ ಎಲ್ಲಾ ಚೆಲ್ಲಾಪಿಲ್ಲಿ. ಆಗ ನಾಯ್ಸ್ ಅನ್ನೋ ಫಂಕ್ಷನ್ ಹಾಕಿ ನೋಡು, ಒಂದು ತ್ರಿಕೋನಕ್ಕೂ ಪಕ್ಕದ್ದಕ್ಕೂ ಚೂರೇ ಚೂರು ವ್ಯತ್ಯಾಸ ಬರುತ್ತೆ, ಸಾಲು ಕೈಯಲ್ಲಿ ಹೊಲಿದಂಗೆ ಸ್ವಲ್ಪ ಏರಿ ಸ್ವಲ್ಪ ಇಳಿದು ಹೋಗುತ್ತೆ. ೧೯೮೩ರಲ್ಲಿ ಕೆನ್ ಪರ್ಲಿನ್ ಕಂಡುಹಿಡಿದ ಲೆಕ್ಕ ಅದು, ಸಿನಿಮಾ ಗ್ರಾಫಿಕ್ಸ್‌ಗೆ ಅಷ್ಟು ಉಪಯೋಗ ಆಯ್ತು ಅಂತ ೧೯೯೭ರಲ್ಲಿ ಅವರಿಗೆ ಟೆಕ್ನಿಕಲ್ ಆಸ್ಕರ್ ಕೊಟ್ರು. ಈ ಕೋರ್ಸಲ್ಲಿ ಕಲಿಯೋದು ಮುಖ್ಯವಾಗಿ ಇದನ್ನೇ ತಂಗಿ, ಕೈ ಏನು ಮಾಡ್ತಿದೆ ಅಂತ ಸರಿಯಾಗಿ ನೋಡೋದು, ಆಮೇಲೆ ಅದಕ್ಕೆ ಒಂದು ನಿಯಮ ಹುಡುಕೋದು. ನೋಡೋ ಕಣ್ಣು ನಿಂಗೆ ಮನೇಲೇ ಸಿಕ್ಕಿದೆ, ಅದಿಲ್ಲದೆ ಬರೀ ಕೋಡ್ ಬರೆಯೋರು ಬೇಕಾದಷ್ಟು ಜನ ಇದಾರೆ. ಅಂದಹಾಗೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತವರ ಜೊತೆಯವರು ೧೯೭೦ರ ದಶಕದಲ್ಲೇ ಹೆಣ್ಮಕ್ಕಳು ಮನೆ ಮುಂದೆ ಹಾಕೋ ಚುಕ್ಕಿ ರಂಗೋಲಿಗೆ ಕಂಪ್ಯೂಟರ್ ಗ್ರಾಮರ್, ಅಂದ್ರೆ ಬಿಡಿಸೋ ನಿಯಮಗಳನ್ನ, ಬರೆದಿದ್ರು, ಹಾಗಾಗಿ ಇದು ಲಂಡನ್ನಿಂದಲೇ ಬರಬೇಕಾದ ವಿದ್ಯೆ ಏನಲ್ಲ.

ಎಲ್ಲಿ ಓದೋದು ಅಂದ್ರೆ, ಬಳ್ಳಾರಿ ರಾಯಚೂರು ಕೊಪ್ಪಳದಲ್ಲಿ ಈ ಹೆಸರಿನ ಕೋರ್ಸ್ ಹುಡುಕ್ತಾ ಕೂರಬೇಡ. ವಿಟಿಯು ಕೆಳಗಿನ ಕೆಲವು ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಅಂಡ್ ಡಿಸೈನ್ ಅಂತ ಬ್ರಾಂಚ್ ಇದೆ, ಸಿಇಟಿ ಬರೆದು ಹೋಗಬಹುದು. ಎಚ್‌ಕೆ ಸರ್ಟಿಫಿಕೇಟ್, ಅಂದ್ರೆ ಹೈದರಾಬಾದ್ ಕರ್ನಾಟಕ ಭಾಗದವರಿಗೆ ಸಿಗೋ ೩೭೧(ಜೆ) ಅರ್ಹತಾ ಪತ್ರ, ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿಂದ ಈಗ್ಲೇ ಮಾಡಿಸಿಟ್ಕೋ. ನಮ್ಮ ಭಾಗದ ಕಾಲೇಜುಗಳಲ್ಲಿ ೭೦ ಪರ್ಸೆಂಟ್ ಸೀಟು ನಮ್ಮವರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ೮ ಪರ್ಸೆಂಟ್. ಕೌನ್ಸೆಲಿಂಗ್ ಟೈಮಲ್ಲಿ ಆ ಪತ್ರಕ್ಕೆ ಓಡಾಡೋ ಮಕ್ಕಳನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಇನ್ನೊಂದು ದಾರಿ ಬಿ.ಡೆಸ್, ಅಂದ್ರೆ ಡಿಸೈನ್ ಡಿಗ್ರಿ. ಅದಕ್ಕೆ ಐಐಟಿ ಬಾಂಬೆ ನಡೆಸೋ ಯುಸೀಡ್ ಬರೀಬೇಕು, ಯಾವ ಸ್ಟ್ರೀಮಿನವರಾದ್ರೂ ಬರೀಬಹುದು, ಒಂದು ಭಾಗ ಕಂಪ್ಯೂಟರಲ್ಲಿ ಇನ್ನೊಂದು ಭಾಗ ಪೇಪರ್ ಮೇಲೆ ಡ್ರಾಯಿಂಗ್. ಸತತ ಎರಡು ವರ್ಷ ಮಾತ್ರ ಅವಕಾಶ, ಸುಮ್ನೆ ಟ್ರಯಲ್‌ಗೆ ಅಂತ ಬರೀಬೇಡ. ಆದ್ರೆ ಎಚ್‌ಕೆ ಕೋಟಾ ಅಲ್ಲಿ ನಡೆಯಲ್ಲ.

ಲಂಡನ್ ವಿಚಾರದಲ್ಲಿ ನೇರವಾಗಿ ಹೇಳ್ತೀನಿ, ಹೊರದೇಶದವರಿಗೆ ಫೀಸೇ ವರ್ಷಕ್ಕೆ ೨೦ ಲಕ್ಷ ದಾಟುತ್ತೆ, ಊಟ ವಸತಿ ಬೇರೆ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿದ್ರೆ ಖಂಡಿತ ಹೋಗು, ಇದ್ದ ಜಾಗ ಅಡ ಇಟ್ಟು ಡಿಗ್ರಿಗೇ ಅಲ್ಲಿಗೆ ಹೋಗೋದು ಬೇಡ. ನಿನ್ನ ಜಾಗದಲ್ಲಿ ನಾನಿದ್ರೆ ಸಿಇಟಿಯಲ್ಲಿ ಸಿಎಸ್ ಅಂಡ್ ಡಿಸೈನ್ ಇಲ್ಲಾ ಸಿಎಸ್ ತಗೊಂಡು, ನಾಲ್ಕು ವರ್ಷ ಕ್ಲಾಸಿನ ಜೊತೆ ಜೊತೆಗೇ ಸ್ವಂತ ಪ್ರಾಜೆಕ್ಟ್ ಮಾಡ್ತಾ, ಆಮೇಲೆ ಡಿಸೈನಲ್ಲಿ ಮಾಸ್ಟರ್ಸ್ ಆದ ಎಂ.ಡೆಸ್‌ಗೆ ಪ್ರಯತ್ನ ಮಾಡ್ತಿದ್ದೆ.

ಕೆಲಸ ಸಿಗುತ್ತೆ, ಆದ್ರೆ ಜಾಹೀರಾತಲ್ಲಿ ಕೋರ್ಸಿನ ಹೆಸರು ಇರಲ್ಲ, ಟೆಕ್ನಿಕಲ್ ಆರ್ಟಿಸ್ಟ್, ಗೇಮ್ ಪ್ರೋಗ್ರಾಮರ್, ಯುಐ ಡೆವಲಪರ್, ಡೇಟಾ ವಿಶುವಲೈಸೇಷನ್ ಅಂತೆಲ್ಲ ಇರುತ್ತೆ, ಬಹುಪಾಲು ಬೆಂಗಳೂರಲ್ಲೇ. ನಮ್ಮೂರಲ್ಲೂ ದಾರಿ ಇಲ್ಲ ಅಂತಲ್ಲ. ಬಳ್ಳಾರಿ ಜೀನ್ಸ್ ಪಾಕೆಟ್ ಮೇಲಿನ ಕಂಪ್ಯೂಟರ್ ಎಂಬ್ರಾಯ್ಡರಿ ನೋಡಿದೀಯಲ್ಲ, ಆ ಮೆಷಿನ್‌ಗೆ ಕೊಡೋ ಫೈಲು ಅಂದ್ರೆ ಸೂಜಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನೋ ಪಟ್ಟಿ ಅಷ್ಟೇ. ಇಂಕ್‌ಸ್ಟಿಚ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ನಿನ್ನ ಕೋಡ್ ಬಿಡಿಸಿದ ಡಿಸೈನನ್ನ ಆ ಫೈಲ್ ಮಾಡಬಹುದು. ಒಂದೇ ಮಾತು, ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ (ಆ ಊರಿನ ಕೆಲಸಕ್ಕೇ ಸಿಗೋ ಹೆಸರಿನ ಗುರುತು) ಇರೋದು ಕೈ ಕೆಲಸಕ್ಕೆ. ಮೆಷಿನಲ್ಲಿ ಹೊಲಿಸಿದ್ದನ್ನ ಆ ಹೆಸರಲ್ಲಿ ಮಾರಬಾರದು, ಯಾರಾದ್ರೂ ಹಂಗೆ ಮಾಡು ಅಂದ್ರೂ ಒಪ್ಪಬೇಡ, ಅದು ಅವ್ವನಂಥವರ ಹೊಟ್ಟೆ ಮೇಲೆ ಹೊಡೆದಂಗೆ.

ಪ್ರಶ್ನೆ: ಮೇಡಂ, ನಮ್ಮ ಹುಡುಗ ಇದೇ ಡಿಸೈನ್ ಕೋಡಿಂಗ್ ಕಲೀತೀನಂತ ಎಂಬತ್ತು ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್ ಕೇಳಾಕತ್ತಾನ. ನಾವು ಒಕ್ಕಲುತನದವ್ರು. ಅಷ್ಟು ಬೇಕೇನ್ರಿ?
– ಒಬ್ಬ ತಂದೆ, ಕೊಪ್ಪಳ

ಉತ್ತರ: ಈಗ ಬೇಡ ಅಣ್ಣಾರೆ. ಎಂಟು ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರೋ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು, ಮೊದಲ ಎರಡು ವರ್ಷದ ಕಲಿಕೆ ಎಲ್ಲಾ ಅದರಲ್ಲೇ ಆಗುತ್ತೆ. ಪಿಫೈವ್, ಪೈಥಾನ್, ಟುಡಿ ಗೇಮ್ ಮಾಡೋ ಗೋಡೋ ಎಲ್ಲಾ ಫ್ರೀ, ಯಾವುದಕ್ಕೂ ಗ್ರಾಫಿಕ್ಸ್ ಕಾರ್ಡ್ ಕೇಳಲ್ಲ. ದೊಡ್ಡ ತ್ರೀಡಿ ಸೀನ್ ರೆಂಡರ್ ಮಾಡೋಕೆ ಶುರು ಮಾಡಿದಾಗ ನಿಜವಾಗ್ಲೂ ಬೇಕಾಗುತ್ತೆ, ಅಲ್ಲಿ ತನಕ ಮುಟ್ಟಿದ್ದಾನಾ ಅಂತ ಅವನ ಕೆಲಸ ತೋರಿಸು ಅಂತ ಕೇಳಿ ನೋಡಿ, ಮುಟ್ಟಿದ್ರೆ ಕೊಡಿಸಿ, ದುಡ್ಡು ದಂಡ ಆಗಲ್ಲ. ಈಗ ಉಳಿಯೋ ದುಡ್ಡಲ್ಲಿ ಆರ್ಡುಯಿನೊ ಅನ್ನೋ ಪ್ರೋಗ್ರಾಮ್ ಮಾಡಬಹುದಾದ ಒಂದು ಚಿಕ್ಕ ಬೋರ್ಡ್, ಮಣ್ಣಿನ ತೇವ ಅಳೆಯೋ ಸೆನ್ಸರ್, ನಾಲ್ಕು ಎಲ್‌ಇಡಿ ಕೊಡಿಸಿ, ಸಾವಿರದ ಆಸುಪಾಸು ಆಗಬಹುದು. ಹೊಲದ ತೇವ ಇಳಿದಂಗೆಲ್ಲ ಬಣ್ಣ ಬದಲಾಗೋ ದೀಪ ಮಾಡಿ ತೋರಿಸಪ್ಪ ಅನ್ನಿ, ಒಳ್ಳೇ ಪ್ರಾಜೆಕ್ಟ್ ಆಗುತ್ತೆ.

ಪ್ರಶ್ನೆ: ನಾ ರಾಯಚೂರದಾಗ ಬಿಸಿಎ ಲಾಸ್ಟ್ ಇಯರ್ ಓದ್ಲಿಕತ್ತೀನಿ. ಪೋರ್ಟ್‌ಫೋಲಿಯೊ (ಮಾಡಿದ ಕೆಲಸದ ಸಂಗ್ರಹ) ಬೇಕಂತಾರ, ಇಂಗ್ಲಿಷ್ ಅಷ್ಟಕ್ಕಷ್ಟೇ. ಕನ್ನಡದಾಗ ಪ್ರಾಜೆಕ್ಟ್ ಮಾಡಿದ್ರ ನಡೀತದೇನ್ರಿ?
– ಹೆಸರು ಬೇಡ, ರಾಯಚೂರು

ಉತ್ತರ: ನಡೀತದ ತಮ್ಮಾ, ಚೆನ್ನಾಗೇ ನಡೀತದ. ಕನ್ನಡ ಅಕ್ಷರಗಳು ಒಂದೊಂದಾಗಿ ಮೂಡಿ ಬರೋ ಅನಿಮೇಷನ್ ಮಾಡಿ ನೋಡು. ಕೋಡಲ್ಲಿ ‘ಕ್ಷ’ದ ಉದ್ದ ಕೇಳಿದ್ರೆ ೩ ಅನ್ನುತ್ತೆ, ಕ ಒಂದು, ಅಕ್ಷರ ಕೂಡಿಸೋ ಹಲಂತ ಚಿಹ್ನೆ ಒಂದು, ಷ ಒಂದು, ಹಾಗಾಗಿ ಇಂಗ್ಲಿಷಿಗೆ ಬರೆದ ಕೋಡ್ ಹಂಗೇ ಹಾಕಿದ್ರೆ ಒತ್ತಕ್ಷರ ಒಡೆದು ಚೂರಾಗಿ ಕಾಣುತ್ತೆ. ಅದನ್ನ ನೀನು ಹೆಂಗೆ ಸರಿ ಮಾಡ್ದೆ ಅಂತ ಒಂದು ಪುಟ ಬರೆದ್ರೆ ಅದೇ ಪೋರ್ಟ್‌ಫೋಲಿಯೊದಲ್ಲಿ ಗಟ್ಟಿ ಕೆಲಸ. ಇನ್ನೊಂದಕ್ಕೆ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ತೊಗಲು ಗೊಂಬೆ ಆಟ ನೋಡು, ೨೦೨೫ರಲ್ಲಿ ಪದ್ಮಶ್ರೀ ಬಂತಲ್ಲ, ಅವರೇ. ಗೊಂಬೆ ಪರದೆಗೆ ಅಂಟಿದ್ರೆ ನೆರಳು ಚೂಪು, ದೂರ ಸರಿದ್ರೆ ಮಸುಕು ಮತ್ತು ದೊಡ್ಡದು, ಅದನ್ನ ಬ್ರೌಸರಲ್ಲಿ ತರೋಕೆ ಪ್ರಯತ್ನ ಮಾಡು. ಮೂರು ನಾಲ್ಕು ಕೆಲಸ ಸಾಕು, ಪ್ರತಿಯೊಂದಕ್ಕೂ ಮೊದಲು ಗೀಚಿದ ಸ್ಕೆಚ್, ಕೆಟ್ಟು ಹೋದ ವರ್ಷನ್‌ಗಳನ್ನೂ ಇಡು, ನೋಡೋರು ಅದನ್ನೇ ಹುಡುಕ್ತಾರೆ. ಇಂಗ್ಲಿಷಲ್ಲಿ ಒಂದೊಂದು ಕೆಲಸಕ್ಕೆ ಐದಾರು ಸಾಲು ಬರೆದು ಲೆಕ್ಚರರ್ ಹತ್ರ ತಿದ್ದಿಸ್ಕೋ.

ಎಂ.ಡೆಸ್‌ಗೆ ಬರೆಯೋ ಸೀಡ್ ಪರೀಕ್ಷೆಗೆ ಮೂರು ವರ್ಷದ ಬಿಸಿಎ ಸಾಕು, ಫೈನಲ್ ಇಯರಲ್ಲೇ ಅರ್ಜಿ ಹಾಕಬಹುದು. ಅರ್ಜಿ ಸಾಮಾನ್ಯವಾಗಿ ಅಕ್ಟೋಬರಲ್ಲಿ ಬಿಡ್ತಾರೆ, ಪರೀಕ್ಷೆ ಜನವರಿಯಲ್ಲಿ.