ಸೈಟು ಕೊಡೋದಾ, ಮಾರಿ ದುಡ್ಡು ಕೊಡೋದಾ?

ಸರ್, ಅಪ್ಪ 1996ರಲ್ಲಿ ತಗೊಂಡ ತುಮಕೂರಿನ ಸೈಟು 2012ರಲ್ಲಿ ನಿಮಗೆ ಬಂತು. ಡಿವೋರ್ಸ್ ರಾಜಿಯಲ್ಲಿ ಅದನ್ನೇ ಹೆಂಡತಿಗೆ ಕೊಡೋದಾ, ಮಾರಿ ದುಡ್ಡು ಕೊಡೋದಾ, 2024ರ ಹೊಸ ಟ್ಯಾಕ್ಸ್‌ನಿಂದ ನಷ್ಟವಾ ಅಂತ ಕೇಳಿದ್ದೀರಿ.

ಅಪ್ಪನಿಂದ ಬಂದಿದ್ದಕ್ಕೆ ಟ್ಯಾಕ್ಸ್ ಇಲ್ಲ. ಎಸ್ಟೇಟ್ ಡ್ಯೂಟಿ, ಅಂದ್ರೆ ಸತ್ತವರ ಆಸ್ತಿ ಮೇಲಿನ ತೆರಿಗೆ, 1985ರಲ್ಲೇ ಹೋಯಿತು. ಮಾರಿದಾಗ ಬರುವ ಲಾಭಕ್ಕೆ ಮಾತ್ರ ಟ್ಯಾಕ್ಸ್. 2024ರ ಜುಲೈ 23ಕ್ಕೆ ಮುಂಚಿನ ಆಸ್ತಿಯಾದ್ದರಿಂದ ನಿಮಗೆ ಎರಡು ದಾರಿ: ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಹಿಡಿಯೋದು) ಇಲ್ಲದೆ ಶೇ. 12.5, ಇಲ್ಲವೇ ಇಂಡೆಕ್ಸೇಶನ್ ಜೊತೆ ಶೇ. 20. ಯಾವುದು ಕಡಿಮೆಯೋ ಅಷ್ಟು ಕಟ್ಟಿದರೆ ಸಾಕು.

ಸುಮ್ನೆ ಒಂದು ಲೆಕ್ಕ ನೋಡಿ. 2001ಕ್ಕೆ ಮುಂಚೆ ಕೊಂಡ ಸೈಟಾದ್ದರಿಂದ ಕೊಂಡ ಬೆಲೆಯ ಬದಲು 2001ರ ಏಪ್ರಿಲ್ ಬೆಲೆ ಹಿಡಿಯಬಹುದು. 2001ರ ಏಪ್ರಿಲ್‌ನಲ್ಲಿ ಸೈಟಿನ ಬೆಲೆ 2 ಲಕ್ಷ, ಈಗ 50 ಲಕ್ಷ ಅಂದುಕೊಳ್ಳಿ. ಹೊಸ ರೇಟಿನಲ್ಲಿ 6 ಲಕ್ಷ. 2001ರಿಂದಲೇ ಇಂಡೆಕ್ಸೇಶನ್ ಹಿಡಿದರೂ ಹಳೇ ರೇಟಿನಲ್ಲಿ ಸುಮಾರು ಎಂಟೂವರೆ. ಸೆಸ್ ಬೇರೆ. ಅಂದ್ರೆ ಎಲ್ಲರೂ ಬೈದ ಹೊಸ ನಿಯಮ ನಿಮಗೆ ಲಾಭವೇ! ಆದರೆ 2001ರ ಬೆಲೆ ಆಗಿನ ಸರ್ಕಾರಿ ಮಾರ್ಗಸೂಚಿ ದರ ಮೀರುವಂತಿಲ್ಲ.

ಸೈಟನ್ನೇ ದಾನಪತ್ರ ಮಾಡಿ ಕೊಟ್ಟರೆ ಈಗ ಇಬ್ಬರಿಗೂ ಟ್ಯಾಕ್ಸ್ ಇಲ್ಲ, ತೀರ್ಪಿಗೆ ಮುಂಚೆ ಆಗಬೇಕು ಅಷ್ಟೇ. ಆಮೇಲೆ ಅವರು ಹೆಂಡತಿ ಅಲ್ವಲ್ಲ. ಮುಂದೆ ಅವರು ಮಾರಿದಾಗ ಅದೇ 2 ಲಕ್ಷದ ಮೇಲೆ ಲೆಕ್ಕ, ಟ್ಯಾಕ್ಸ್ ಅವರ ತಲೆಗೆ. ಅವರ ಲಾಯರ್ ಇದನ್ನು ಹಿಡಿದೇ ಹಿಡಿಯುತ್ತಾರೆ. 50 ಲಕ್ಷದ ಸೈಟು ಅಂದ್ರೆ ಕೈಗೆ 44 ಅಂತಲೇ ಮಾತಾಡಿ.

ಇನ್ನೊಂದು ವಿಷಯ. ಖಾತೆ ನಿಮ್ಮ ಹೆಸರಿಗೆ ಆದ ಮಾತ್ರಕ್ಕೆ ಸೈಟು ಪೂರ್ತಿ ನಿಮ್ಮದಾಗಲ್ಲ. ಅಕ್ಕತಂಗಿಯರಿದ್ದರೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿದ್ದಾರಾ, ಮೊದಲು ಟ್ರಂಕು ತೆಗೆದು ನೋಡಿ.